ದಿನದ ಧಮ್ಮ ಚಿಂತನೆ: ಉಪೇಕ್ಖಾ ಮತ್ತು ಊ ಥಾಂಟ್ ಮೇಷ್ಟ್ರು



ನಾಲ್ಕು ಬ್ರಹ್ಮವಿಹಾರಗಳಲ್ಲಿ ಮೆತ್ತಾ, ಕರುಣಾ, ಮುದಿತಾ ಈ ಮೂರೂ ನಮ್ಮವರಿಗೆ ಬೇಗ ಹಿಡಿಸುತ್ತವೆ. ನಾಲ್ಕನೆಯದಾದ ಉಪೇಕ್ಖಾ ಬಂದಾಗ ಮಾತ್ರ ಪ್ರತಿ ಸಲವೂ ಯಾರಾದರೂ ತಡೆಯುತ್ತಾರೆ. ಕನ್ನಡದಲ್ಲಿ ಉಪೇಕ್ಷೆ ಎಂದರೆ ಅಲಕ್ಷ್ಯ ಅಲ್ಲವೇ ಸರ್, ಕಡೆಗಣಿಸುವುದನ್ನು ಬುದ್ಧರು ಹೇಳಿಕೊಟ್ಟರೇ ಎನ್ನುತ್ತಾರೆ. ಸರಿಯಾದ ಪ್ರಶ್ನೆಯೇ. ತಲೆತಲಾಂತರದಿಂದ ಉಪೇಕ್ಷೆಯನ್ನೇ ಉಂಡವರು ನಾವು. ಪಾಳಿಯಲ್ಲಿ ಆ ಪದಕ್ಕೆ ಎರಡೂ ಕಡೆಯವರನ್ನು ಕಲಕದ ಮನಸ್ಸಿನಿಂದ, ಸಮನಾಗಿ ನೋಡುವುದು ಎಂಬ ಅರ್ಥ. ಅದು ಕನ್ನಡಕ್ಕೆ ಬರುವಷ್ಟರಲ್ಲಿ ತಿರಸ್ಕಾರವಾಗಿಬಿಟ್ಟಿದೆ. ಕನ್ನಡ ಪಾಠ ಮಾಡುವ ನನಗೂ ಇದನ್ನು ನಿಘಂಟು ಹಿಡಿದು ಬಿಡಿಸಲು ಆಗುವುದಿಲ್ಲ. ಅದಕ್ಕೇ ಇವತ್ತು ಒಬ್ಬರ ಬದುಕನ್ನು ಹೇಳುತ್ತೇನೆ.

ನಮ್ಮ ಜಿ.ಕೆ. ಪುಸ್ತಕಗಳಲ್ಲಿ ಯು ಥಾಂಟ್ ಎಂದು ಒಂದು ಅಂಕಕ್ಕೆ ಬರುವ ಹೆಸರು ಅದು. ವಿಶ್ವಸಂಸ್ಥೆಯ ಮೂರನೆಯ ಪ್ರಧಾನ ಕಾರ್ಯದರ್ಶಿ, ಆ ಹುದ್ದೆಗೆ ಏರಿದ ಮೊದಲ ಏಷ್ಯಾದವರು. ಊ ಎನ್ನುವುದು ಹೆಸರಿನ ಭಾಗವಲ್ಲ, ಬರ್ಮಾದಲ್ಲಿ ಗಂಡಸರ ಹೆಸರಿಗೆ ಗೌರವದಿಂದ ಸೇರಿಸುವ ಮಾತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರಿಗೆ ದೀಕ್ಷೆ ಕೊಟ್ಟ ಭಂತೆ ಊ ಚಂದ್ರಮಣಿ ಅವರ ಹೆಸರಿನ ಮುಂದಿರುವುದೂ ಇದೇ ಊ. ಅವರೂ ಬರ್ಮಾ ಮೂಲದವರೇ.

ಥಾಂಟ್ ಹುಟ್ಟಿದ್ದು 1909ರ ಜನವರಿ 22ರಂದು, ಇರಾವತಿ ನದಿ ಮುಖಜಭೂಮಿಯ ಪಂತನಾವ್ ಎಂಬ ಸಣ್ಣ ಊರಿನಲ್ಲಿ. ಹದಿನಾಲ್ಕು ವರ್ಷಕ್ಕೆ ತಂದೆ ತೀರಿಕೊಂಡರು. ಆಸ್ತಿ ವ್ಯಾಜ್ಯದಲ್ಲಿ ಕೈ ಬರಿದಾಗಿ, ನಾಲ್ಕು ಗಂಡುಮಕ್ಕಳನ್ನು ತಾಯಿಯೊಬ್ಬರೇ ಸಾಕಬೇಕಾಯಿತು. ಹಿರಿಮಗ ಪತ್ರಕರ್ತನಾಗುವ ಆಸೆ ಬಿಟ್ಟು, ಬೇಗ ಸಂಬಳ ಬರುವ ದಾರಿ ಹಿಡಿದು, ಅದೇ ಊರಿನ ಶಾಲೆಗೆ ಮೇಷ್ಟ್ರಾಗಿ ವಾಪಸು ಬಂದ. ಇಪ್ಪತ್ತೈದರ ಆಸುಪಾಸಿಗೆ ಮುಖ್ಯೋಪಾಧ್ಯಾಯನೂ ಆದ. ಮುಂದೆ ಬರ್ಮಾದ ಪ್ರಧಾನಿಯಾದ ಊ ನು ಆಗ ಆ ಶಾಲೆಯ ಮೇಲ್ವಿಚಾರಕರಾಗಿದ್ದರು. ಆ ಗೆಳೆತನವೇ ಥಾಂಟ್ ಅವರನ್ನು ಸ್ವಾತಂತ್ರ್ಯ ಬಂದ ಹೊತ್ತಿಗೆ ರಂಗೂನಿನ ಸರ್ಕಾರಿ ಕಚೇರಿಗೆ ಎಳೆದು ತಂದಿತು.

1948ರ ಜನವರಿಯಲ್ಲಿ ಸ್ವಾತಂತ್ರ್ಯ ಬಂತು, ವರ್ಷ ತುಂಬುವಷ್ಟರಲ್ಲಿ ಅಂತರ್ಯುದ್ಧವೂ ಬಂತು. ಕರೆನ್ ಜನಾಂಗದವರು ಆಯುಧ ಹಿಡಿದರು. ಅವರಲ್ಲಿ ಬೌದ್ಧರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. 1948ರ ಕ್ರಿಸ್‌ಮಸ್ ವೇಳೆಗೆ ಚರ್ಚಿನಲ್ಲಿ ಸೇರಿದ್ದ ಕರೆನ್ ಹಳ್ಳಿಗರನ್ನು ಕೊಂದ ಘಟನೆಯೂ ನಡೆದಿತ್ತು. ಬೌದ್ಧರೇ ಬಹುಸಂಖ್ಯಾತರಾದ ದೇಶದಲ್ಲಿ ಇದೆಲ್ಲ ನಡೆಯಿತು ಎನ್ನುವುದನ್ನು ನಾವು ಮುಚ್ಚಿಡಬಾರದು. 1949ರ ಆರಂಭದಲ್ಲಿ ಕರೆನ್ ಪಡೆ ರಂಗೂನಿನ ಪಕ್ಕದ ಇನ್ಸೇನ್ ತನಕ ಬಂದಿತ್ತು. ಆ ಹೊತ್ತಿನಲ್ಲಿ ಥಾಂಟ್ ಪ್ರಾಣದ ಹಂಗು ಬಿಟ್ಟು ಕರೆನ್ ಶಿಬಿರಗಳಿಗೆ ಮಾತುಕತೆಗೆ ಹೋದರು. ಮಾತುಕತೆ ಮುರಿದು ಬಿತ್ತು. ಅದೇ ವರ್ಷ ಬಂಡುಕೋರರು ಪಂತನಾವ್ ಊರನ್ನೇ ಸುಟ್ಟರು. ಥಾಂಟ್ ಅವರ ಮನೆಯೂ ಬೂದಿಯಾಯಿತು.

ಯಾರ ಹತ್ತಿರ ಶಾಂತಿ ಕೇಳಲು ಹೋಗಿದ್ದರೋ ಅವರ ಕಡೆಯವರೇ ಮನೆ ಸುಟ್ಟರು. ಆಮೇಲೂ ಈ ಮನುಷ್ಯ ಶತ್ರುವಿನ ಜೊತೆ ಕೂತು ಮಾತಾಡುವ ಕೆಲಸವನ್ನೇ ಜೀವನವಿಡೀ ಮಾಡಿದರು. ಅವರು ಬಿಟ್ಟುಬಂದ ಆ ಕರೆನ್ ಯುದ್ಧ ಇವತ್ತಿಗೂ ಪೂರ್ತಿ ಮುಗಿದಿಲ್ಲ.

ಬಾಬಾಸಾಹೇಬರು ವಿಶ್ವ ಬೌದ್ಧ ಸಮ್ಮೇಳನಕ್ಕೆಂದು ರಂಗೂನಿಗೆ ಹೋದ 1954ರ ಡಿಸೆಂಬರ್‌ನಲ್ಲಿ ಥಾಂಟ್ ಪ್ರಧಾನಿ ಊ ನು ಅವರ ಕಾರ್ಯದರ್ಶಿ. 1957ರಲ್ಲಿ ಬರ್ಮಾದ ಪ್ರತಿನಿಧಿಯಾಗಿ ನ್ಯೂಯಾರ್ಕ್‌ಗೆ ಹೋದರು. 1961ರ ಸೆಪ್ಟೆಂಬರ್ 18ರಂದು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಕಾಂಗೋ ಸಂಧಾನಕ್ಕೆ ಹೋಗುತ್ತಾ ವಿಮಾನ ಬಿದ್ದು ಸತ್ತರು. ಅಮೆರಿಕ ಮತ್ತು ರಷ್ಯಾ ಇಬ್ಬರೂ ಒಪ್ಪಬಲ್ಲ ಹೆಸರು ಸಿಗದೆ ವಾರಗಟ್ಟಲೆ ಜಗ್ಗಾಟ ನಡೆದು, ಕೊನೆಗೆ ನವೆಂಬರ್ 3ರಂದು ಆ ಕುರ್ಚಿ ಈ ಮಾಜಿ ಮೇಷ್ಟ್ರಿಗೆ ಬಂತು. ಕುರ್ಚಿಯ ಜೊತೆಗೆ ಕಾಂಗೋ ಕೂಡ.

ಕಾಂಗೋ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1960ರ ಜೂನ್ 30ರಂದು ಬೆಲ್ಜಿಯಂನಿಂದ ಸ್ವತಂತ್ರವಾದ ಆ ದೇಶದಲ್ಲಿ ಹನ್ನೊಂದೇ ದಿನಕ್ಕೆ ಕಟಾಂಗ ಪ್ರಾಂತ್ಯ ಬೇರೆಯಾಗಿ ನಿಂತಿತು. ತಾಮ್ರದ ಗಣಿಗಳೆಲ್ಲ ಇದ್ದದ್ದು ಅಲ್ಲೇ. ಕಟಾಂಗದ ನಾಯಕ ಮೊಯಿಸ್ ಶೋಂಬೆಯ ಹಿಂದೆ ಬೆಲ್ಜಿಯಂ ಗಣಿ ಕಂಪನಿಯ ಹಣ, ಬಿಳಿಯ ಬಾಡಿಗೆ ಸೈನಿಕರ ಬಂದೂಕು. ದೇಶದ ಮೊದಲ ಪ್ರಧಾನಿ ಲುಮುಂಬಾ ಅವರನ್ನು 1961ರ ಜನವರಿಯಲ್ಲಿ ಕೊಂದದ್ದೂ ಇದೇ ಕಟಾಂಗದ ನೆಲದಲ್ಲಿ. ಶೋಂಬೆಯನ್ನು ಒಪ್ಪದ ಬಾಲುಬಾ ಜನರು ಮನೆಮಠ ಬಿಟ್ಟು ಎಲಿಜಬೆತ್‌ವಿಲ್ ಪಟ್ಟಣದಲ್ಲಿ ವಿಶ್ವಸಂಸ್ಥೆಯ ಪಡೆಯ ನೆರಳಿಗೆ ಬಂದು ಕೂತರು. ನೂರಿನ್ನೂರು ಜನರಲ್ಲ, ಸಾವಿರ ಸಾವಿರ ಜನ. ಬಯಲಿನಲ್ಲೊಂದು ದೊಡ್ಡ ಶಿಬಿರವೇ ಎದ್ದಿತು. ಸೈನಿಕರು ಅಲ್ಲಿಂದ ಕದಲಿದರೆ ಅವರ ಗತಿ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಥಾಂಟ್ ಬಂದು ಮೂರು ವಾರಕ್ಕೆ ಭದ್ರತಾ ಮಂಡಳಿ ಬಾಡಿಗೆ ಸೈನಿಕರನ್ನು ಬಲಪ್ರಯೋಗಿಸಿಯಾದರೂ ಹೊರಹಾಕುವ ಅಧಿಕಾರವನ್ನು ಅವರ ಕೈಗೆ ಕೊಟ್ಟಿತು. ಪಂಚಶೀಲದ ಮೊದಲ ಶೀಲವನ್ನು ಬಾಲ್ಯದಿಂದ ಹೇಳಿಕೊಂಡು ಬಂದವರ ಕೈಗೆ ಇಪ್ಪತ್ತು ಸಾವಿರದಷ್ಟು ಸೈನಿಕರ ಪಡೆ ಬಂತು. ಡಿಸೆಂಬರ್‌ನಲ್ಲಿ ಎಲಿಜಬೆತ್‌ವಿಲ್‌ನಲ್ಲಿ ಕಾಳಗ ನಡೆಯಿತು. ನಮ್ಮ ಭಾರತದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಡಿಸೆಂಬರ್ 5ರಂದು ಪ್ರಾಣ ಕೊಟ್ಟದ್ದು ಅಲ್ಲಿಯೇ. ಅವರಿಗೆ ಪರಮವೀರ ಚಕ್ರ ಬಂತು. ತಿಂಗಳ ಕೊನೆಗೆ ಶೋಂಬೆ ಕಿಟೋನಾ ಎಂಬಲ್ಲಿ ಒಂದೇ ದೇಶವಾಗಿ ಇರುತ್ತೇನೆಂದು ಒಪ್ಪಿಕೊಂಡ, ಊರಿಗೆ ಹೋದ ಮೇಲೆ ಮಾತು ತಿರುಗಿಸಿದ.

ಆಗಲೂ ಥಾಂಟ್ ಮುಂದಿಟ್ಟದ್ದು ಬಂದೂಕನ್ನಲ್ಲ. 1962ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಸಮನ್ವಯದ ಒಂದು ಯೋಜನೆ ಕೊಟ್ಟರು. ಪ್ರಾಂತ್ಯಗಳಿಗೆ ಅಧಿಕಾರವಿರುವ ಸಂಯುಕ್ತ ಸಂವಿಧಾನ, ಆದಾಯದಲ್ಲಿ ಅರ್ಧ ಕೇಂದ್ರಕ್ಕೆ ಅರ್ಧ ಕಟಾಂಗಕ್ಕೆ, ಒಂದೇ ನಾಣ್ಯ, ಒಂದೇ ಸೈನ್ಯ, ಎಲ್ಲರಿಗೂ ಕ್ಷಮಾದಾನ. ಬಂಡಾಯಗಾರನಿಗೂ ಗೌರವದಿಂದ ಒಳಗೆ ಬರಲು ಬಾಗಿಲು ಬಿಟ್ಟ ಯೋಜನೆ ಅದು. ಶೋಂಬೆ ಹೂಂ ಎನ್ನುತ್ತಾ ತಿಂಗಳುಗಳನ್ನು ತಳ್ಳಿದ. ಡಿಸೆಂಬರ್ ಕೊನೆಯಲ್ಲಿ ಅವನ ಪಡೆಯವರು ವಿಶ್ವಸಂಸ್ಥೆಯ ಸೈನಿಕರ ಮೇಲೆ ದಿನಗಟ್ಟಲೆ ಗುಂಡು ಹಾರಿಸಿದ ಮೇಲೆ ಥಾಂಟ್ ಕಾರ್ಯಾಚರಣೆಗೆ ಒಪ್ಪಿದರು. 1963ರ ಜನವರಿಯಲ್ಲಿ ಕಟಾಂಗದ ಪ್ರತ್ಯೇಕತೆ ಮುಗಿಯಿತು. ಆದರೆ ಜಾಡೊವಿಲ್ ಪಟ್ಟಣದ ಬಳಿ ವಿಶ್ವಸಂಸ್ಥೆಯ ಸೈನಿಕರ ಗುಂಡಿಗೆ ಕಾರಿನಲ್ಲಿದ್ದ ಇಬ್ಬರು ಬೆಲ್ಜಿಯನ್ ಹೆಂಗಸರು ಸತ್ತರು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೌದ್ಧನೊಬ್ಬ ಹೀಗೆ ಆಜ್ಞೆ ಕೊಡಬಹುದೇ? ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ಕುರುಡು ನಿಯಮವಾಗಿ ನೋಡದೆ ತತ್ವವಾಗಿ ನೋಡುತ್ತಾರೆ, ಕೊಲ್ಲುವ ಇಚ್ಛೆಯನ್ನೂ ಕೊಲ್ಲಬೇಕಾಗಿ ಬರುವ ಅಗತ್ಯವನ್ನೂ ಬೇರೆ ಮಾಡುತ್ತಾರೆ. ಶಿಬಿರದಲ್ಲಿದ್ದ ಬಾಲುಬಾ ತಾಯಂದಿರನ್ನು ನೆನೆದರೆ ನನಗೆ ಆ ವ್ಯತ್ಯಾಸ ಪುಸ್ತಕದ ಮಾತು ಅನ್ನಿಸುವುದಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಸಂಧಾನಕ್ಕೆ ಕಾದು, ಕ್ಷಮಾದಾನವನ್ನು ಮೊದಲು ಮುಂದಿಟ್ಟು, ಆಮೇಲೆ ಕೊಟ್ಟ ಆಜ್ಞೆ ಅದು.

ಆ 1962 ಅವರ ಪಾಲಿಗೆ ಎಂಥ ವರ್ಷ ನೋಡಿ. ಮಾರ್ಚ್‌ನಲ್ಲಿ ಜನರಲ್ ನೆ ವಿನ್ ಬರ್ಮಾವನ್ನು ಕಿತ್ತುಕೊಂಡು ಗೆಳೆಯ ಊ ನು ಅವರನ್ನು ಸೆರೆಗೆ ಹಾಕಿದ. ಮೇ ತಿಂಗಳಲ್ಲಿ ಬರ್ಮಾದಲ್ಲಿ ಬಸ್ಸಿನಿಂದ ಬಿದ್ದು ಮಗ ತೀರಿಕೊಂಡ. ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು, ಅಣುಯುದ್ಧದ ಅಂಚಿನಲ್ಲಿದ್ದ ಕೆನಡಿ ಮತ್ತು ಕ್ರುಶ್ಚೇವ್ ನಡುವೆ ಪತ್ರ ಓಡಾಡಿಸಿದರು, ಹವಾನಾಕ್ಕೂ ಹೋಗಿ ಬಂದರು. ಮಗನ ಸಾವಿನ ಸುದ್ದಿ ಬಂದಾಗ ಧ್ಯಾನದ ಅಭ್ಯಾಸ ತಮ್ಮನ್ನು ಹೇಗೆ ಕೈಹಿಡಿಯಿತು ಎಂದು ಮುಂದೆ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಓದಿದವರಲ್ಲಿ ಕೆಲವರಿಗೆ ಇದು ಕಲ್ಲುಮನಸ್ಸು ಅನ್ನಿಸಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಕಲ್ಲುಮನಸ್ಸಿನವರು ವಿಯೆಟ್ನಾಂ ವಿಷಯದಲ್ಲಿ ಅಷ್ಟು ಹಟ ಮಾಡುತ್ತಿರಲಿಲ್ಲ. 1964ರಲ್ಲಿ ಅಮೆರಿಕ ಮತ್ತು ಉತ್ತರ ವಿಯೆಟ್ನಾಂ ಪ್ರತಿನಿಧಿಗಳನ್ನು ರಂಗೂನಿನಲ್ಲಿ ಸದ್ದಿಲ್ಲದೆ ಕೂರಿಸಲು ಏರ್ಪಾಡು ಮಾಡಿದರು. ಹನೋಯ್ ಒಪ್ಪಿತು, ವಾಷಿಂಗ್ಟನ್ ತಿಂಗಳುಗಟ್ಟಲೆ ಎಳೆದು 1965ರ ಜನವರಿಯಲ್ಲಿ ಬೇಡವೆಂದಿತು. ಅಮೆರಿಕದ ಜನರಿಂದ ಸತ್ಯ ಮುಚ್ಚಿಡಲಾಗುತ್ತಿದೆ ಎಂಬರ್ಥದಲ್ಲಿ ಥಾಂಟ್ ಬಹಿರಂಗವಾಗಿ ಮಾತಾಡಿದಾಗ ಅಧ್ಯಕ್ಷ ಜಾನ್ಸನ್‌ಗೆ ಕೋಪ ಬಂತು. ಯುದ್ಧ ಇನ್ನೂ ಹತ್ತು ವರ್ಷ ನಡೆಯಿತು.

ಈಗ ಹೇಳಲು ಕಷ್ಟವಾದ ಭಾಗ.

1967ರ ಜುಲೈನಲ್ಲಿ ನೈಜೀರಿಯಾದಲ್ಲಿ ಅಂತರ್ಯುದ್ಧ ಶುರುವಾಯಿತು. ಪೂರ್ವ ಭಾಗದ ಇಗ್ಬೊ ಜನರು ತಮ್ಮವರ ಹತ್ಯಾಕಾಂಡಗಳ ನಂತರ ಬಯಾಫ್ರಾ ಎಂದು ಬೇರೆ ದೇಶ ಸಾರಿಕೊಂಡಿದ್ದರು. ಸರ್ಕಾರ ಸುತ್ತಲೂ ದಿಗ್ಬಂಧನ ಹಾಕಿತು. ಅನ್ನವಿಲ್ಲದೆ ಹೊಟ್ಟೆ ಊದಿದ, ಕೂದಲು ಕೆಂಪಾದ ಮಕ್ಕಳ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಚರ್ಚ್ ಸಂಸ್ಥೆಗಳು ರಾತ್ರಿ ಹೊತ್ತು, ದೀಪ ಆರಿಸಿದ ವಿಮಾನಗಳಲ್ಲಿ ಆಹಾರ ಸಾಗಿಸಿದವು. 1970ರ ಜನವರಿಯಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು ಎನ್ನುವ ಅಂದಾಜುಗಳಿವೆ, ಹೆಚ್ಚಿನವರು ಹಸಿವಿನಿಂದಲೇ.

ಥಾಂಟ್ ಏನು ಮಾಡಿದರು? ಇದು ನೈಜೀರಿಯಾದ ಆಂತರಿಕ ವಿಷಯ, ಸಂಧಾನ ಆಫ್ರಿಕಾ ಏಕತಾ ಸಂಸ್ಥೆಯ ಕೆಲಸ ಎಂದರು. 1968ರಲ್ಲಿ ಪರಿಹಾರ ಕಾರ್ಯಕ್ಕೆಂದು ಒಬ್ಬ ಪ್ರತಿನಿಧಿಯನ್ನು ಕಳಿಸಿದರು. ಅವರ ಪರವಾಗಿಯೂ ಹೇಳಬೇಕಾದ ಮಾತುಗಳಿವೆ: ಭದ್ರತಾ ಮಂಡಳಿಯ ಬೆಂಬಲವಿರಲಿಲ್ಲ, ಆಫ್ರಿಕಾದ ಹೆಚ್ಚಿನ ಸರ್ಕಾರಗಳಿಗೆ ಹೊರಗಿನವರ ಕೈ ಬೇಕಿರಲಿಲ್ಲ, ಕಟಾಂಗದಲ್ಲಿ ಪ್ರತ್ಯೇಕತೆ ಬೇಡವೆಂದವರು ಇಲ್ಲಿ ಹೌದು ಎನ್ನುವಂತಿರಲಿಲ್ಲ. ಎಲ್ಲವೂ ನಿಜ. ಆದರೂ ಆಂತರಿಕ ವಿಷಯ ಎಂಬ ಮಾತು ನಮ್ಮ ಕಿವಿಗೆ ಚುಚ್ಚುತ್ತದೆ ಬಂಧುಗಳೇ. ನಮ್ಮ ಕೇರಿಗಳಿಗೆ ಬಹಿಷ್ಕಾರ ಹಾಕಿದಾಗ, ಅಂಗಡಿಯವನು ಅಕ್ಕಿ ಕೊಡದಿದ್ದಾಗ, ವಿಚಾರಿಸಲು ಬಂದವರಿಗೆ ಊರಿನ ಹಿರಿಯರು ಹೇಳಿದ್ದು ಇದನ್ನೇ. ಇದು ನಮ್ಮೂರಿನ ವಿಚಾರ, ನೀವು ನಡುವೆ ಬರಬೇಡಿ ಅಂತ. ರಾಜಕೀಯ ಪ್ರಶ್ನೆಯಲ್ಲಿ ಎರಡೂ ಕಡೆಗೆ ಸಮನಾಗಿರುವುದು ಒಂದು, ಹಸಿದ ಮಗುವಿನ ವಿಷಯದಲ್ಲಿ ಸುಮ್ಮನಿರುವುದು ಇನ್ನೊಂದು. ಬಯಾಫ್ರಾದಲ್ಲಿ ಊ ಥಾಂಟ್ ಅವರ ಉಪೇಕ್ಖಾ ಕನ್ನಡದ ಉಪೇಕ್ಷೆಯಾಯಿತು ಎಂದೇ ನನ್ನ ತೀರ್ಮಾನ. ಬಳಗದಲ್ಲಿ ಒಪ್ಪದವರಿದ್ದರೆ ವಾದಕ್ಕೆ ಸಿದ್ಧ.

ಅವರ ಕೊನೆಯ ವರ್ಷ 1971. ಪೂರ್ವ ಪಾಕಿಸ್ತಾನದಲ್ಲಿ ಸೈನ್ಯ ಸ್ವಂತ ಜನರ ಮೇಲೆ ಬಿತ್ತು, ಒಂದು ಕೋಟಿಯಷ್ಟು ಜನ ಗಡಿ ದಾಟಿ ಭಾರತಕ್ಕೆ ಬಂದರು. ಪಾಕಿಸ್ತಾನವೂ ಇದನ್ನು ಆಂತರಿಕ ವಿಷಯ ಎಂದೇ ಹೇಳಿತು. ಈ ಸಲ ಥಾಂಟ್ ಅಷ್ಟಕ್ಕೆ ನಿಲ್ಲಲಿಲ್ಲ. ಏಪ್ರಿಲ್‌ನಲ್ಲೇ ನಿರಾಶ್ರಿತರ ನೆರವಿನ ಹೊಣೆಯನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್‌ಗೆ ಒಪ್ಪಿಸಿದರು, ಮೇ ತಿಂಗಳಲ್ಲಿ ಜಗತ್ತಿನ ಮುಂದೆ ಹಣಕ್ಕಾಗಿ ಕೈಚಾಚಿದರು. ಜುಲೈನಲ್ಲಿ ಭದ್ರತಾ ಮಂಡಳಿಗೆ ತಾವಾಗಿಯೇ ಬರೆದು, ಪರಿಹಾರ ಕಾರ್ಯವೊಂದೇ ಸಾಲದು, ಇದು ದೊಡ್ಡ ಯುದ್ಧಕ್ಕೆ ತಿರುಗುತ್ತದೆ ಎಂದು ಎಚ್ಚರಿಸಿದರು. ಮಂಡಳಿ ಕದಲಲಿಲ್ಲ, ಡಿಸೆಂಬರ್‌ನಲ್ಲಿ ಯುದ್ಧವೇ ಆಯಿತು. ಸಿಂಧನೂರಿನ ಕಡೆಯ ಬಂಧುಗಳಿಗೆ ಈ ಕಥೆ ದೂರದ್ದಲ್ಲ. ಅಲ್ಲಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿವೆ, ಅವರಲ್ಲಿ ನಾಮಶೂದ್ರರು ಬಹಳ. 1946ರಲ್ಲಿ ಬಾಬಾಸಾಹೇಬರನ್ನು ಸಂವಿಧಾನ ಸಭೆಗೆ ಕಳಿಸಿದ ಸಮುದಾಯ ಅದು.

ಆ ಡಿಸೆಂಬರ್ 31ಕ್ಕೆ ಥಾಂಟ್ ನಿವೃತ್ತರಾದರು. 1974ರ ನವೆಂಬರ್ 25ರಂದು ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ದೇಹ ರಂಗೂನಿಗೆ ಬಂದಾಗ ನೆ ವಿನ್ ಸರ್ಕಾರ ಯಾವ ಗೌರವವನ್ನೂ ಕೊಡಲಿಲ್ಲ. ಊ ನು ಜೊತೆ ಸೇರಿ ತನ್ನ ವಿರುದ್ಧ ಕೆಲಸ ಮಾಡಿದರೆಂದು ಆತನಿಗೆ ಹಳೆಯ ಸಿಟ್ಟು. ಅಂತ್ಯಕ್ರಿಯೆಯ ದಿನ ರಜೆ ಕೊಡಬೇಕೆಂದು ಸರ್ಕಾರದೊಳಗೆ ಬಾಯಿಬಿಟ್ಟು ಕೇಳಿದವರು ಶಿಕ್ಷಣ ಇಲಾಖೆಯ ಉಪಮಂತ್ರಿ, ಥಾಂಟ್ ಮೇಷ್ಟ್ರ ಹಳೆಯ ವಿದ್ಯಾರ್ಥಿ. ಅವರನ್ನು ಹುದ್ದೆಯಿಂದ ಕಿತ್ತುಹಾಕಿದರು. ಡಿಸೆಂಬರ್ 5ರಂದು ವಿದ್ಯಾರ್ಥಿಗಳು ಶವಪೆಟ್ಟಿಗೆಯನ್ನೇ ಹೊತ್ತು ವಿಶ್ವವಿದ್ಯಾಲಯಕ್ಕೆ ಒಯ್ದರು. 1962ರಲ್ಲಿ ಸೈನ್ಯ ಸ್ಫೋಟಿಸಿ ಕೆಡವಿದ್ದ ವಿದ್ಯಾರ್ಥಿ ಸಂಘದ ಕಟ್ಟಡದ ಜಾಗದಲ್ಲಿ ಸಮಾಧಿ ಕಟ್ಟಲು ತೊಡಗಿದರು, ಭಿಕ್ಷುಗಳೂ ಜೊತೆ ನಿಂತರು. 11ರ ನಸುಕಿನಲ್ಲಿ ಸೈನಿಕರು ನುಗ್ಗಿ ದೇಹವನ್ನು ಕಿತ್ತುಕೊಂಡು ಹೋದರು. ಊರಿನಲ್ಲಿ ಗಲಭೆಯಾಗಿ ಗುಂಡು ಹಾರಿತು.

ಈಗ ಅವರ ಸಮಾಧಿ ಇರುವುದು ಶ್ವೆಡಗಾನ್ ಪಗೋಡಾ ಹತ್ತಿರದ ರಸ್ತೆ ಬದಿಯಲ್ಲಿ, ಬ್ರಿಟಿಷರು ರತ್ನಾಗಿರಿಯಲ್ಲಿ ಸೆರೆಯಿಟ್ಟಿದ್ದ ಬರ್ಮಾದ ಕೊನೆಯ ರಾಣಿ ಸುಪಾಯಲತ್ ಅವರ ಗೋರಿಯ ಪಕ್ಕ.