ಊರ ಹೆಸರೇ ತನ್ನ ಹೆಸರಾದ ನಟ: ಕುತಿರವಟ್ಟಂ ಪಪ್ಪು

ಗುಂಡ್ಲುಪೇಟೆಯ ಕಡೆಯಿಂದ ಸುಲ್ತಾನ್ ಬತ್ತೇರಿ, ಕಲ್ಪೆಟ್ಟಗಳನ್ನು ಹಾದು ಕಲ್ಲಿಕೋಟೆಗೆ ಹೋಗುವ ಹೆದ್ದಾರಿ ಲಕ್ಕಿಡಿಯನ್ನು ದಾಟಿದ ಮೇಲೆ ಹಠಾತ್ತನೆ ಕೆಳಗಿಳಿಯತೊಡಗುತ್ತದೆ. ಇದು ತಾಮರಶೇರಿ ಘಾಟಿ. 9 ಹೇರ್‌ಪಿನ್ ತಿರುವುಗಳು, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಣಿವೆ. ವಯನಾಡಿನವರಿಗೆ ಈ ದಾರಿ ದಿನನಿತ್ಯದ್ದು. ಆದರೆ ಘಾಟಿಯ ಹೆಸರು ಕಿವಿಗೆ ಬಿದ್ದೊಡನೆ ಕೇರಳದ ಬಹುಪಾಲು ಜನರ ಮುಖದಲ್ಲಿ ಮೂಡುವುದು ಭಯವಲ್ಲ, ನಗು. ಆ ನಗುವಿಗೆ ಕಾರಣ 1988ರಲ್ಲಿ ತೆರೆಕಂಡ ಒಂದು ಚಿತ್ರದಲ್ಲಿ ಕೆಲವೇ ನಿಮಿಷ ಕಾಣಿಸಿಕೊಂಡ ಒಬ್ಬ ಮೆಕ್ಯಾನಿಕ್. ಆ ಪಾತ್ರವನ್ನು ವಹಿಸಿದವರು ಕುತಿರವಟ್ಟಂ ಪಪ್ಪು.

ಅದು ಹೆತ್ತವರು ಇಟ್ಟ ಹೆಸರಲ್ಲ. 1936ರಲ್ಲಿ ಕಲ್ಲಿಕೋಟೆಯ ದಕ್ಷಿಣಕ್ಕಿರುವ ಫರೋಕಿನಲ್ಲಿ ಹುಟ್ಟಿದಾಗ ಮಗುವಿಗೆ ಇಟ್ಟ ಹೆಸರು ಪದ್ಮದಳಾಕ್ಷನ್. ತಾವರೆಯ ಎಸಳಿನಂಥ ಕಣ್ಣುಳ್ಳವನು ಎಂಬ ಅರ್ಥದ, ಸ್ತೋತ್ರಗಳಲ್ಲಿ ಕೇಳಿಬರುವಂಥ ಹೆಸರು. ಫರೋಕ್ ಮಾತ್ರ ಸ್ತೋತ್ರದ ಊರಲ್ಲ. ಟಿಪ್ಪು ಸುಲ್ತಾನನು ತನ್ನ ಮಲಬಾರಿನ ರಾಜಧಾನಿಯನ್ನಾಗಿ ಮಾಡಲೆಳಸಿ ಫರೂಕಾಬಾದ್ ಎಂದು ಹೆಸರಿಟ್ಟಿದ್ದ ಈ ಸ್ಥಳ ಮುಂದೆ ಹೆಂಚಿನ ಕಾರ್ಖಾನೆಗಳ ಊರಾಯಿತು. ಬಾಲ್ಯದಲ್ಲೇ ಕುಟುಂಬ ಕಲ್ಲಿಕೋಟೆ ನಗರದ ಕುತಿರವಟ್ಟಕ್ಕೆ ಬಂದು ನೆಲೆಸಿತು. ಹೆಸರಿನ ಮೊದಲರ್ಧ ಕನ್ನಡದ ಕುದುರೆಯೇ. ಆದರೆ ಮಲಯಾಳಿಗಳಿಗೆ ಕುತಿರವಟ್ಟವೆಂದರೆ ಮೊದಲು ನೆನಪಾಗುವುದು ಅಲ್ಲಿರುವ ಸರಕಾರಿ ಮಾನಸಿಕ ಆಸ್ಪತ್ರೆ. ಒಬ್ಬನನ್ನು ಕುತಿರವಟ್ಟಕ್ಕೆ ಕಳಿಸಬೇಕೆಂದರೆ ಅವನಿಗೆ ತಲೆ ಕೆಟ್ಟಿದೆ ಎಂದೇ ಅರ್ಥ. ಬೇರೆ ಯಾವ ನಟನೂ ಹೆಸರಿನ ಹಿಂದೆ ಅಂಟಿಸಿಕೊಳ್ಳಲು ಹಿಂಜರಿಯುತ್ತಿದ್ದ ಊರ ಹೆಸರು ಅದು.

ಪದ್ಮದಳಾಕ್ಷನ್ ಬೆಳೆದ ಕಾಲದ ಕಲ್ಲಿಕೋಟೆ ನಾಟಕದ ಹುಚ್ಚು ಹತ್ತಿದ ಪಟ್ಟಣ. ಕೆ. ಟಿ. ಮುಹಮ್ಮದ್, ತಿಕ್ಕೋಡಿಯನ್ ಮೊದಲಾದವರು ಬರೆಯುತ್ತಿದ್ದರು. ಕುಞಾಂಡಿ, ನೆಲ್ಲಿಕ್ಕೋಡ್ ಭಾಸ್ಕರನ್, ಬಾಲನ್ ಕೆ. ನಾಯರ್, ಶಾಂತಾದೇವಿ ಮೊದಲಾದವರು ರಂಗದ ಮೇಲಿದ್ದರು. 1950ರಲ್ಲಿ ಆರಂಭವಾದ ಆಕಾಶವಾಣಿ ನಿಲಯ ಬರಹಗಾರರನ್ನೂ ಹಾಡುಗಾರರನ್ನೂ ಒಂದೆಡೆ ಕೂಡಿಸಿತ್ತು. ಹಗಲಿಡೀ ದುಡಿದು ರಾತ್ರಿ ಬಣ್ಣ ಹಚ್ಚುವವರೇ ಈ ರಂಗಭೂಮಿಯಲ್ಲಿ ಹೆಚ್ಚು. ನೋಡಲು ಬರುತ್ತಿದ್ದವರೂ ಬಂದರು, ಮರದ ಡಿಪೋ, ಪೇಟೆಗಳ ಜನ. ಅವರ ಮುಂದೆ ಪುಸ್ತಕದ ಭಾಷೆ ನಿಲ್ಲುತ್ತಿರಲಿಲ್ಲ. ಹದಿಹರೆಯದಲ್ಲೇ ರಂಗವೇರಿದ ಪದ್ಮದಳಾಕ್ಷನ್ ಬೀದಿಯ ಮಾತು ರಂಗದ ಮೇಲೂ ನಿಲ್ಲಬಲ್ಲದೆಂಬುದನ್ನು ಕಲಿತದ್ದು ಇಲ್ಲಿಯೇ.

ಸಿನಿಮಾದ ಪರಿಸ್ಥಿತಿ ಬೇರೆ. ಅರುವತ್ತರ ದಶಕದಲ್ಲಿ ಮಲಯಾಳ ಚಿತ್ರಗಳು ಬಹುಮಟ್ಟಿಗೆ ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ನಾಯಕ ನಾಯಿಕೆಯರು ಶಿಷ್ಟವಾದ, ಯಾವ ಊರಿಗೂ ಸೇರದ ಮಾತನ್ನಾಡುತ್ತಿದ್ದರು. ಹಾಸ್ಯಕ್ಕೆ ಎಸ್. ಪಿ. ಪಿಳ್ಳೆ, ಅಡೂರ್ ಭಾಸಿ, ಬಹದೂರ್ ಅವರಂಥ ಸಮರ್ಥರಿದ್ದರೂ ಅವರೆಲ್ಲ ಕೊಚ್ಚಿ, ತಿರುವಾಂಕೂರುಗಳ ಕಡೆಯವರು. ಮಲಬಾರಿನ ಮಾತು ತೆರೆಯ ಮೇಲೆ ಬಂದರೆ ಅದು ಅಣಕವಾಗಿಯೇ ಬರುತ್ತಿತ್ತು. ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಇದರ ನೋವನ್ನು ವಿವರಿಸಬೇಕಾಗಿಲ್ಲ. ಕನ್ನಡ ಚಿತ್ರಗಳಲ್ಲಿಯೂ ನಾಯಕ ಒಂದು ಕನ್ನಡವನ್ನಾಡಿದರೆ, ನಗಿಸಲೆಂದು ಬರುವ ಅಡುಗೆಯವನಿಗೋ ಆಳಿಗೋ ಧಾರವಾಡದ ಇಲ್ಲವೆ ಮಂಗಳೂರು ಕಡೆಯ ಮಾತನ್ನು ತೊಡಿಸಿದ ಉದಾಹರಣೆಗಳು ಬೇಕಾದಷ್ಟಿವೆ.

1963ರಲ್ಲಿ ರಾಮು ಕಾರ್ಯಾಟರ ‘ಮೂಡುಪಡಂ’ ಚಿತ್ರದ ಮೂಲಕ ಪದ್ಮದಳಾಕ್ಷನ್ ಬೆಳ್ಳಿತೆರೆಗೆ ಬಂದರು. ಮರುವರ್ಷ ಬಂದ ‘ಭಾರ್ಗವೀ ನಿಲಯಂ’ ಅವರ ಹೆಸರನ್ನೇ ಬದಲಿಸಿತು. ವೈಕಂ ಮುಹಮ್ಮದ್ ಬಷೀರರು ತಮ್ಮದೇ ಕಥೆಯನ್ನು ಆಧರಿಸಿ ಚಿತ್ರಕಥೆ ಬರೆದಿದ್ದರು. ಅಲ್ಲಿಯವರೆಗೆ ಛಾಯಾಗ್ರಾಹಕರಾಗಿದ್ದ ಎ. ವಿನ್ಸೆಂಟ್ ಮೊದಲ ಬಾರಿಗೆ ನಿರ್ದೇಶಿಸಿದರು. ಹಾಳುಬಿದ್ದ ಮನೆಗೆ ವಾಸಕ್ಕೆ ಬರುವ ಒಬ್ಬ ಸಾಹಿತಿ, ಅಲ್ಲಿ ಸತ್ತ ಹೆಣ್ಣಿನ ಪ್ರೇತ, ಸುತ್ತ ಊರಿನ ಜನ. ಆ ಜನರಲ್ಲಿ ಒಬ್ಬನಿಗೆ ಬಷೀರರು ಕುತಿರವಟ್ಟಂ ಪಪ್ಪು ಎಂದು ಹೆಸರಿಟ್ಟಿದ್ದರು. ಆ ಪಾತ್ರ ಪದ್ಮದಳಾಕ್ಷನ್ ಪಾಲಿಗೆ ಬಂತು. ಚಿತ್ರ ಮುಗಿದರೂ ಹೆಸರು ಅವರನ್ನು ಬಿಡಲಿಲ್ಲ. ಸ್ವತಃ ಮನೋವ್ಯಾಧಿಗೆ ಚಿಕಿತ್ಸೆ ಪಡೆದು, ಅದೇ ಅವಧಿಯಲ್ಲಿ ತಮ್ಮ ಅತ್ಯಂತ ಲವಲವಿಕೆಯ ಕೃತಿಗಳಲ್ಲೊಂದನ್ನು ರಚಿಸಿದ್ದ ಬಷೀರರಿಗೆ ಹುಚ್ಚಾಸ್ಪತ್ರೆಯ ಊರು ಹಳಿಯಬೇಕಾದ ಊರಾಗಿ ಕಂಡಿರಲಾರದು. ಮುಂದಿನ 36 ವರ್ಷ ಆ ನಟ ಅದೇ ಹೆಸರಿನಿಂದ ಬದುಕಿದರು. ತಾವರೆಗಣ್ಣಿನವನನ್ನು ಜನ ಮರೆತರು.

ಅವರ ಮಾತಿನ ಸ್ವರೂಪ ಭಾಷಾಶಾಸ್ತ್ರ ಓದುವ ಕನ್ನಡ ವಿದ್ಯಾರ್ಥಿಗಳಿಗೆ ವಿಶೇಷ ಸ್ವಾರಸ್ಯದ್ದು. ಶಿಷ್ಟ ಮಲಯಾಳದಲ್ಲಿ ಪದಾದಿಯ ವಕಾರ ಮಲಬಾರಿನ ಆಡುಮಾತಿನಲ್ಲಿ, ಅದರಲ್ಲೂ ಮಾಪಿಳ್ಳೆಯವರ ಮಾತಿನಲ್ಲಿ, ಬಕಾರವಾಗುತ್ತದೆ. ವನ್ನು ಎಂಬುದು ಬನ್ನು ಆಗುತ್ತದೆ. ದ್ರಾವಿಡ ಭಾಷೆಗಳ ತೌಲನಿಕ ಅಧ್ಯಯನದಲ್ಲಿ ಕನ್ನಡದ ಬಾ, ಬಂದ ರೂಪಗಳನ್ನು ತಮಿಳಿನ ವಾ, ವಂದ ರೂಪಗಳ ಪಕ್ಕದಲ್ಲಿಟ್ಟು ಕಲಿತವರಿಗೆ ಇದು ಹಳೆಯ ಪರಿಚಯ. ಇನ್ನೊಂದು, ೞಕಾರದ ಪಾಡು. ಹಳಗನ್ನಡದ ಮೞೆ ನಮ್ಮಲ್ಲಿ ಮಳೆಯಾಗಿ ೞಕಾರ ಲಿಪಿಯಿಂದಲೇ ಹೊರಟುಹೋಯಿತು. ಮಲಯಾಳದ ಮೞ ಕಲ್ಲಿಕೋಟೆಯ ಬೀದಿಯಲ್ಲಿ ಮಯ ಆಯಿತು. ವ್ಯಾಕರಣದಲ್ಲಿ ಧ್ವನಿಪರಿವರ್ತನೆ ಎಂದು ಗೌರವದಿಂದ ಕರೆಯುವುದನ್ನೇ ನೆರೆಮನೆಯವನ ಬಾಯಲ್ಲಿ ಕೇಳಿದಾಗ ಅಶುದ್ಧಿಯೆಂದು ನಗುವುದು ವಿಚಿತ್ರವಾದರೂ ಎಲ್ಲ ಕಡೆಯೂ ಇರುವ ರೂಢಿ. ಪಪ್ಪು ಹುಟ್ಟಿನಿಂದ ಹಿಂದೂ. ಅವರ ಹೆಸರಾಂತ ಪಾತ್ರಗಳಲ್ಲಿ ಹಲವು ಮುಸಲ್ಮಾನರವು. ಒಂದೇ ಪೇಟೆಯ ಮಾತನ್ನು ಎರಡು ಮತದವರೂ ಹಂಚಿಕೊಂಡ ಊರಿನಿಂದ ಬಂದವರಿಗೆ ಇದು ವೇಷವಾಗಿರಲಿಲ್ಲ.

ಅರುವತ್ತು ಎಪ್ಪತ್ತರ ದಶಕಗಳಲ್ಲಿ ದೊರೆತವು ಬಹುತೇಕ ಬಿಡಿ ದೃಶ್ಯಗಳು. ಕಲ್ಲಿಕೋಟೆಯವರೇ ಆದ ಐ. ವಿ. ಶಶಿ ನಿರ್ದೇಶಕರಾಗಿ ಬೆಳೆದ ಮೇಲೆ ಸ್ಥಿತಿ ಬದಲಾಯಿತು. 1978ರ ‘ಅವಳುಡೆ ರಾವುಗಳ್’ ಚಿತ್ರದಲ್ಲಿ ವೇಶ್ಯೆಯೊಬ್ಬಳ ಬದುಕಿನ ಅಂಚಿನಲ್ಲಿರುವ ರಿಕ್ಷಾದವನಾಗಿ ಪಪ್ಪು ನಗುವಿಗೂ ಮರುಕಕ್ಕೂ ನಡುವೆ ನಿಂತರು. ಶಾಲೆಯ ವ್ಯಾಯಾಮ ಶಿಕ್ಷಕರೂ ಫುಟ್‌ಬಾಲ್ ರೆಫರಿಯೂ ಆಗಿದ್ದ ಟಿ. ದಾಮೋದರನ್ ಶಶಿಯವರಿಗೆ ಚಿತ್ರಕಥೆ ಬರೆಯತೊಡಗಿದ ಮೇಲಂತೂ ಕಲ್ಲಿಕೋಟೆಯ ಪೇಟೆಯೇ ಕಥೆಯ ಕೇಂದ್ರಕ್ಕೆ ಬಂತು. 1980ರ ‘ಅಂಗಾಡಿ’ ಹೊರೆ ಹೊರುವವರ ಚಿತ್ರ. ನಾಯಕ ಜಯನ್ ಅದರಲ್ಲಿ ಇಂಗ್ಲಿಷ್ ಮಾತಾಡಿ ಚಪ್ಪಾಳೆ ಗಿಟ್ಟಿಸಿದ ಸಂಗತಿ ಇಂದಿಗೂ ಪ್ರಸಿದ್ಧ. ಅದೇ ಪೇಟೆಯಲ್ಲಿ ಪೇಟೆಯ ಮಾತನ್ನೇ ಆಡಿದ ಪಪ್ಪು ಚಪ್ಪಾಳೆಗಾಗಿ ಕಾಯಬೇಕಾಯಿತು.

ಅದು ಬಂದದ್ದು ಪ್ರಿಯದರ್ಶನ್ ನಿರ್ದೇಶನದ, ಶ್ರೀನಿವಾಸನ್ ಚಿತ್ರಕಥೆಯ ‘ವೆಳ್ಳಾನಗಳುಡೆ ನಾಡು’ ಚಿತ್ರದಲ್ಲಿ. ಸಾಲದಲ್ಲಿ ಮುಳುಗಿದ ಗುತ್ತಿಗೆದಾರನ ಪಾತ್ರ ಮೋಹನ್‌ಲಾಲ್ ಅವರದು, ನಗರಸಭೆಯ ಕಮಿಷನರ್ ಶೋಭನಾ. ಗುತ್ತಿಗೆದಾರನ ಕೊರಳಿಗೆ ಬಿದ್ದ ಹಳೆಯ ರೋಡ್ ರೋಲರ್ ಕೆಟ್ಟು ನಿಂತಿದೆ. ಅದನ್ನು ಸರಿಪಡಿಸಲು ಕರೆತಂದ ಮೆಕ್ಯಾನಿಕ್ ಸುಲೈಮಾನ್. ಅವನು ಯಂತ್ರವನ್ನು ಮುಟ್ಟುವ ಮೊದಲು ಮಾತನ್ನು ಮುಟ್ಟುತ್ತಾನೆ. ಈಗಿಂದೀಗಲೇ ಸರಿಮಾಡಿಕೊಡುವೆನೆಂಬ ಭರವಸೆ, ಸಹಾಯಕನಿಗೆ ಸ್ಪಾನರಿಗಾಗಿ ಆಜ್ಞೆ, ಅದರ ನಡುವೆ ಹಿಂದೊಮ್ಮೆ ಬ್ರೇಕ್ ತಪ್ಪಿದ ವಾಹನದೊಂದಿಗೆ ತಾಮರಶೇರಿ ಘಾಟಿಯಿಳಿದ ಸಾಹಸದ ವರ್ಣನೆ. ಕೇಳುವವನ ಸಾಲ ಬೆಳೆಯುತ್ತಿದೆ, ಹೊತ್ತು ಇಳಿಯುತ್ತಿದೆ, ರೋಲರ್ ಅಲುಗುವುದಿಲ್ಲ. ಘಾಟಿಯ ಕಥೆ ಮಾತ್ರ ತಿರುವಿನಿಂದ ತಿರುವಿಗೆ ಸಾಗುತ್ತದೆ.

ಈ ದೃಶ್ಯದಲ್ಲಿ ನಗು ಹುಟ್ಟುವ ಜಾಗವನ್ನು ಗಮನಿಸಬೇಕು. ಸುಲೈಮಾನನ ಉಚ್ಚಾರಣೆ ತಪ್ಪೆಂದು ಯಾರೂ ನಗುವುದಿಲ್ಲ. ಚಿತ್ರದೊಳಗೆ ಅವನ ಮಾತನ್ನು ತಿದ್ದುವವರಿಲ್ಲ, ಅಣಕಿಸುವವರೂ ಇಲ್ಲ. ಅವನು ತನ್ನ ಕಸುಬಿನ ಬಗ್ಗೆ, ತನ್ನ ಧೈರ್ಯದ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲದ ಮನುಷ್ಯ. ಆ ಆತ್ಮವಿಶ್ವಾಸಕ್ಕೂ ಕದಲದ ಯಂತ್ರಕ್ಕೂ ಇರುವ ಅಂತರವೇ ಹಾಸ್ಯ. ಆಡುಮಾತು ಅದರ ಸರಕಲ್ಲ, ಅದರ ಲಯ. ಪಪ್ಪು ಮಾತನ್ನು ಎಲ್ಲಿ ಎಳೆಯುತ್ತಾರೆ, ಎಲ್ಲಿ ನುಂಗುತ್ತಾರೆ, ಘಾಟಿಯ ಹೆಸರನ್ನು ಎಷ್ಟು ಸ್ವಂತಿಕೆಯಿಂದ, ಮನೆಯ ಅಂಗಳದ ಹೆಸರಿನಂತೆ ಉಚ್ಚರಿಸುತ್ತಾರೆ ಎಂಬುದರಲ್ಲಿ ಅವರ ಕಲೆಯಿದೆ. 2010ರಲ್ಲಿ ಪ್ರಿಯದರ್ಶನ್ ಇದೇ ಕಥೆಯನ್ನು ಹಿಂದಿಯಲ್ಲಿ ‘ಖಟ್ಟಾ ಮೀಠಾ’ ಎಂದು ತೆಗೆದಾಗ ರೋಲರಿನ ಮುಂದೆ ನಿಂತವರು ಜಾನಿ ಲೀವರ್. ಅವರೇನೂ ಕಡಿಮೆ ನಟರಲ್ಲ. ಆದರೆ ಘಾಟಿ ಹಿಂದಿಗೆ ಹೋಗಲಿಲ್ಲ.

1993ರ ‘ಮಣಿಚಿತ್ರತ್ತಾಳ್’ ಇದಕ್ಕೆ ವ್ಯತಿರಿಕ್ತ ಸಾಕ್ಷಿ. ‘ಆಪ್ತಮಿತ್ರ’ವಾಗಿ 2004ರಲ್ಲಿ ಕನ್ನಡಕ್ಕೂ ಬಂದ ಈ ಕಥೆ ಎಲ್ಲರಿಗೂ ಗೊತ್ತು. ಫಾಸಿಲ್ ನಿರ್ದೇಶನದ ಮೂಲ ಚಿತ್ರದಲ್ಲಿ ಪಪ್ಪು ಅವರದು ಕಾಟ್ಟುಪರಂಬನ್ ಎಂಬ ಪಾತ್ರ. ಹೆದರಿ ಬುದ್ಧಿ ಕಲಕಿಹೋದ ಈ ಮನುಷ್ಯ ಒಣನೆಲದಲ್ಲಿ ನೀರು ನಿಂತಿದೆಯೆಂದು ಭ್ರಮಿಸಿ, ಮುಂಡನ್ನು ಎತ್ತಿಹಿಡಿದು, ಕಾಣದ ಕೊಚ್ಚೆಗಳನ್ನು ತಪ್ಪಿಸುತ್ತ ಜಿಗಿಜಿಗಿದು ನಡೆಯುತ್ತಾನೆ. ಇಲ್ಲಿ ಮಾತೇ ಬೇಡ. ಆಡುಮಾತಿನ ನಟ ಎಂಬ ಹಣೆಪಟ್ಟಿ ಎಷ್ಟು ಸಂಕುಚಿತವೆಂಬುದಕ್ಕೆ ಆ ನಡಿಗೆ ಸಾಕು. ಕುತಿರವಟ್ಟದ ಹೆಸರು ಹೊತ್ತ ನಟನಿಗೆ ಕೊನೆಗೂ ಒಂದು ಹುಚ್ಚಿನ ಪಾತ್ರ ದೊರೆತದ್ದು ಕೇರಳದ ಪ್ರೇಕ್ಷಕರ ಗಮನಕ್ಕೆ ಬಾರದೆ ಇರಲಿಲ್ಲ.

ಮರುವರ್ಷದ ‘ತೇನ್ಮಾವಿನ್ ಕೊಂಬತ್ತ್’ ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೆ ಹತ್ತಿರದ್ದು. ಅದರ ನಾಯಿಕೆ ಕನ್ನಡ ಸೀಮೆಯ ಹುಡುಗಿ. ಕನ್ನಡದ ಒಂದು ಮಾತಿನ ಅರ್ಥ ತಿಳಿಯದೆ ನಾಯಕ ಪಡುವ ಪಾಡಿನಲ್ಲೇ ಅರ್ಧ ಹಾಸ್ಯವಿದೆ. ಅದರಲ್ಲಿ ಪಪ್ಪು ಅವರ ಪಾಲು ಚಿಕ್ಕದು. ಕುಡಿದ ಅಮಲಿನಲ್ಲಿ ಎದುರಿನವನಿಗೆ ಅವನು ಯಾರೆಂಬ ಬಗ್ಗೆಯೇ ತತ್ತ್ವಜ್ಞಾನದ ಗೋಜಲು ಹುಟ್ಟಿಸುವ ಒಂದು ದೃಶ್ಯ. ಆ ವಾಕ್ಯಗಳು ಕೇರಳದಲ್ಲಿ ಗಾದೆಗಳಂತೆ ಉಳಿದಿವೆ.

ಇಷ್ಟಾದರೂ ಅವರ ವೃತ್ತಿಜೀವನವನ್ನು ಒಟ್ಟಾಗಿ ನೋಡಿದಾಗ ತೃಪ್ತಿಗಿಂತ ಅತೃಪ್ತಿಯೇ ಹೆಚ್ಚು. ನೂರಾರು ಚಿತ್ರಗಳು, ಅವುಗಳಲ್ಲಿ ಬಹುಪಾಲು ಚಹಾದಂಗಡಿಯವನು, ಆಳು, ಕುಡುಕ. ಒಮ್ಮೆ ನಗಿಸಿದವನನ್ನು ಮತ್ತೆ ನಗಿಸಲೆಂದೇ ಕರೆಯುವುದು ಉದ್ಯಮದ ಅಭ್ಯಾಸ. 1995ರ ‘ದಿ ಕಿಂಗ್’ ಚಿತ್ರದಲ್ಲಿ ಶಾಜಿ ಕೈಲಾಸ್ ಅವರಿಗೆ ಬೇರೊಂದನ್ನು ಕೊಟ್ಟರು: ಸರಕಾರಿ ಕಚೇರಿಯಲ್ಲಿ ಕಲೆಕ್ಟರನ ಮುಂದೆ ನಿಂತ ಮುದಿ ಸ್ವಾತಂತ್ರ್ಯ ಹೋರಾಟಗಾರ. ಮಮ್ಮೂಟ್ಟಿಯವರ ಅಬ್ಬರದ ಸಂಭಾಷಣೆಗಳಿಂದ ತುಂಬಿದ ಆ ಚಿತ್ರದಲ್ಲಿ ತಗ್ಗಿದ ದನಿಯ ಜಾಗ ಅದೊಂದೇ ಎನ್ನಬೇಕು. ನಗಲು ಸಿದ್ಧರಾಗಿ ಕುಳಿತ ಪ್ರೇಕ್ಷಕರು ಅವರನ್ನು ಕಂಡು ಮೌನವಾದರು. ಅಂಥ ಪಾತ್ರ ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು.

2000ದ ಫೆಬ್ರವರಿ 25ರಂದು ಕಲ್ಲಿಕೋಟೆಯಲ್ಲಿ ಹೃದಯಾಘಾತದಿಂದ ಪಪ್ಪು ತೀರಿಕೊಂಡರು. ವಯಸ್ಸು 63. ಅಷ್ಟರಲ್ಲಿ ಅದೇ ಊರಿನ ರಂಗಭೂಮಿಯಿಂದ, ಕಲ್ಲಾಯಿಯ ಮರದ ಡಿಪೋಗಳಲ್ಲಿ ದಿಮ್ಮಿ ಅಳೆಯುತ್ತಿದ್ದ ಮಾಮುಕ್ಕೋಯ ಬಂದು ಅದೇ ಮಾತನ್ನು ಇನ್ನಷ್ಟು ನಿರಾಯಾಸವಾಗಿ ಆಡುತ್ತ ಜನಪ್ರಿಯರಾಗಿದ್ದರು. ಪಪ್ಪು ತೆರೆದ ಬಾಗಿಲಿನಿಂದ ಬಂದವರಿಗೆ ತಮ್ಮ ಉಚ್ಚಾರಣೆಗಾಗಿ ಸಮಜಾಯಿಷಿ ಕೊಡಬೇಕಾಗಲಿಲ್ಲ. ಅವರ ಮಗ ಬಿನು ಪಪ್ಪು ಇಂದು ಮಲಯಾಳ ಚಿತ್ರಗಳಲ್ಲಿ ಗಂಭೀರ ಪಾತ್ರಗಳ ನಟ. ಬಷೀರರು ಕೊಟ್ಟ ಹೆಸರು ಎರಡನೆಯ ತಲೆಮಾರಿಗೆ ಮನೆತನದ ಹೆಸರಾಗಿದೆ. 2022ರಲ್ಲಿ ‘ನ್ನಾ ತಾನ್ ಕೇಸ್ ಕೊಡ್’ ಚಿತ್ರ ಕಾಸರಗೋಡಿನ ಮಲಯಾಳವನ್ನು ಕಾಸರಗೋಡಿನ ಜನರ ಬಾಯಿಂದಲೇ ಆಡಿಸಿದಾಗ ಕೇರಳದಾದ್ಯಂತ ಪ್ರೇಕ್ಷಕರು ಕೆಲವು ಮಾತು ಅರ್ಥವಾಗದಿದ್ದರೂ ಕುಳಿತು ನೋಡಿದರು. ತಾಮರಶೇರಿ ಘಾಟಿಯಲ್ಲಿ ಇಂದಿಗೂ ಲಾರಿಯೊಂದು ಕೆಟ್ಟು ನಿಂತು ಸಾಲುಗಟ್ಟಿದ ವಾಹನಗಳ ಜನ ಕೆಳಗಿಳಿದಾಗ, ಬಾನೆಟ್ಟಿನೊಳಗೆ ತಲೆ ಹಾಕಿದವನನ್ನು ನೋಡಿ ಯಾರಾದರೊಬ್ಬರು ಸುಲೈಮಾನನ ದನಿ ತೆಗೆಯುವುದುಂಟು.