ಮೆಟ್ಟಿಲಿಳಿದು ಬಂದ ಮಾರ್ಟಿ

ಕುಡಿತ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ತೂರಾಡುತ್ತಾ ಮನೆಗೆ ಬರುವ ಗಂಡಸು, ಬಾಗಿಲಲ್ಲಿ ಕಾಯುತ್ತಾ ನಿಂತ ಹೆಂಡತಿ. ಕುಡಿಯುವವಳೇ ಹೆಂಗಸಾದರೆ ಏನು ಮಾಡಬೇಕೆಂದು ಯಾರೂ ನಮಗೆ ಹೇಳಿಕೊಟ್ಟಿಲ್ಲ. ಹೋದ ವರ್ಷ ಗೆಳತಿಯೊಬ್ಬಳು, ಕುಡಿತ ಬಿಡಬೇಕೆನ್ನುವವರ ಒಂದು ಸಭೆಗೆ ಜೊತೆಗೆ ಬಾ ಎಂದು ನನ್ನನ್ನು ಕರೆದಳು. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಆಟೋ ಇಳಿದು ಬಾಗಿಲವರೆಗೂ ಹೋದೆವು. ಹೊರಗೆ ಬಿಟ್ಟಿದ್ದ ಚಪ್ಪಲಿಗಳೆಲ್ಲ ಗಂಡಸರವೇ. ಅವಳು ಏನೂ ಹೇಳದೆ ಹಿಂದಿರುಗಿ ನಡೆದುಬಿಟ್ಟಳು. ಆ ರಾತ್ರಿ ಅವಳಿಗಾಗಿ ಏನೇನೋ ಹುಡುಕುತ್ತಾ ಕುಳಿತಾಗ ನನಗೆ ಸಿಕ್ಕವರು ಮಾರ್ಟಿ ಮಾನ್.

ಮಾರ್ಟಿ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಶಿಕಾಗೋದ ಶ್ರೀಮಂತ ಮನೆಯಲ್ಲಿ. ಹದಿಹರೆಯದಲ್ಲಿ ಕ್ಷಯ ಬಂದು ವಾಸಿಯಾಯಿತು. ಇಪ್ಪತ್ತೆರಡರ ಸುಮಾರಿಗೆ ಮದುವೆಯಾಯಿತು, ಬೇಗನೇ ಮುರಿಯಿತು. ಅಷ್ಟರಲ್ಲಿ ಅಪ್ಪನ ಐಶ್ವರ್ಯವೂ ಕರಗಿತ್ತು. ಚೆಲುವೆ, ಮಾತುಗಾರ್ತಿ, ಎಷ್ಟು ಕುಡಿದರೂ ಅಲುಗಾಡದವಳು ಎಂದು ಗೆಳೆಯರೆಲ್ಲ ಮೆಚ್ಚುತ್ತಿದ್ದರು. ಆ ಮೆಚ್ಚುಗೆಯೇ ಮುಳುವಾಯಿತು ಅಂತ ನನಗನ್ನಿಸುತ್ತದೆ. ಲಂಡನ್ನಿಗೆ ಹೋಗಿ ಫೋಟೋಗ್ರಫಿಯ ವ್ಯವಹಾರ ನಡೆಸುತ್ತಿದ್ದ ವರ್ಷಗಳಲ್ಲಿ ಕುಡಿತ ಕೈಮೀರಿತು. ಒಮ್ಮೆ ಮಹಡಿಯಿಂದ ಬಿದ್ದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಅಮೆರಿಕಕ್ಕೆ ಹಿಂದಿರುಗಿದಾಗ ಕೈಯಲ್ಲಿ ಕಾಸಿಲ್ಲ, ಕೆಲಸವಿಲ್ಲ. ತನಗೆ ಹುಚ್ಚು ಹಿಡಿಯುತ್ತಿದೆ ಎಂದೇ ಅವರು ನಂಬಿದ್ದರು. ಇದು ಕುಡಿತದ ಕಾಯಿಲೆ ಎಂದು ಯಾರೂ ಹೇಳಿರಲಿಲ್ಲ. ಹೆಂಗಸರಿಗೂ ಅದು ಬರುತ್ತದೆಂದು ಒಪ್ಪುವವರೇ ಕಡಿಮೆ.

ಕೊನೆಗೆ ಕನೆಕ್ಟಿಕಟ್‌ನ ಬ್ಲೈತ್‌ವುಡ್ ಎಂಬ ಮಾನಸಿಕ ಚಿಕಿತ್ಸಾಲಯ ಹಣ ಕೇಳದೆ ಅವರನ್ನು ಸೇರಿಸಿಕೊಂಡಿತು. ಅಲ್ಲಿನ ವೈದ್ಯ ಹ್ಯಾರಿ ಟೀಬೌಟ್ 1939ರ ಆರಂಭದಲ್ಲಿ, ಇನ್ನೂ ಪ್ರಕಟವಾಗಿರದ ಒಂದು ಪುಸ್ತಕದ ಹಸ್ತಪ್ರತಿಯನ್ನು ಓದಲು ಕೊಟ್ಟರು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಎಂಬ ಚಿಕ್ಕ ಗುಂಪಿನವರು ಬರೆದದ್ದು. ಪುಟಪುಟಕ್ಕೂ ದೇವರು ಬರುತ್ತಾನೆಂದು ಮಾರ್ಟಿ ಸಿಡಿಮಿಡಿಗೊಂಡರು, ವಾರಗಟ್ಟಲೆ ವೈದ್ಯರೊಡನೆ ವಾದ ಮಾಡಿದರು. ಒಂದು ದಿನ ಬೇರೆ ಯಾವುದೋ ವಿಷಯಕ್ಕೆ ಕೋಪದಿಂದ ಕುದಿಯುತ್ತಿದ್ದಾಗ, ಹಾಸಿಗೆಯ ಮೇಲೆ ತೆರೆದಿದ್ದ ಆ ಪುಸ್ತಕದಲ್ಲಿ ಕೋಪದ ಬಗ್ಗೆಯೇ ಇದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಅಲ್ಲಿಗೆ ವಾದ ಮುಗಿಯಿತು.

ಪುಸ್ತಕ ಓದುವುದು ಬೇರೆ, ಸಭೆಗೆ ಹೋಗುವುದು ಬೇರೆ. ಏಪ್ರಿಲ್‌ನಲ್ಲಿ ವೈದ್ಯರು ಅವರನ್ನು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, 182 ಕ್ಲಿಂಟನ್ ಸ್ಟ್ರೀಟ್‌ನ ಮನೆಗೆ ಕಳಿಸಿದರು. ಎಎ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಮತ್ತು ಅವರ ಹೆಂಡತಿ ಲೋಯಿಸ್ ಅವರ ಮನೆ ಅದು. ಕೋಣೆ ತುಂಬ ಜನ, ಅವರಲ್ಲಿ ಕುಡಿತ ಬಿಟ್ಟವರು ಬಹುಪಾಲು ಗಂಡಸರು. ಮಾರ್ಟಿ ಕೋಟು ಇಡುವ ನೆಪದಲ್ಲಿ ಮಹಡಿ ಹತ್ತಿದವರು ಕೆಳಗೆ ಬರಲೇ ಇಲ್ಲ. ಭಯ, ನಾಚಿಕೆ. ಆಗ ಲೋಯಿಸ್ ತಾವೇ ಮೇಲೆ ಹೋಗಿ ಪಕ್ಕದಲ್ಲಿ ಕೂತು, ಎಲ್ಲರೂ ನಿಮಗಾಗಿ ಕಾಯುತ್ತಿದ್ದಾರೆ ಎಂದು ಮೆಲ್ಲಗೆ ಕರೆದುಕೊಂಡು ಬಂದರು. ಆ ಕೆಲವು ಮೆಟ್ಟಿಲುಗಳನ್ನು ಇಳಿಯಲು ಎಷ್ಟು ಹೊತ್ತು ಹಿಡಿಯಿತೋ! ಕೆಳಗೆ ಯಾರೂ ಬುದ್ಧಿ ಹೇಳಲಿಲ್ಲ, ತಮ್ಮತಮ್ಮ ಕಥೆ ಹೇಳಿಕೊಂಡರು. ಚಿಕಿತ್ಸಾಲಯಕ್ಕೆ ಮರಳಿದ ಮಾರ್ಟಿ ಜೊತೆಯ ರೋಗಿಗೆ ಮೊದಲು ತಿಳಿಸಿದ್ದು, ಇನ್ನು ಮೇಲೆ ನಾವು ಒಂಟಿಯಲ್ಲ ಎಂಬ ಸುದ್ದಿಯನ್ನು. ಇನ್ನೆರಡು ವಾರಕ್ಕೆ ಸಾಲದಿಂದಾಗಿ ವಿಲ್ಸನ್ ದಂಪತಿ ಆ ಮನೆಯನ್ನೇ ಕಳೆದುಕೊಂಡರು. ಸ್ವಲ್ಪ ತಡವಾಗಿದ್ದರೆ ಆ ಮಹಡಿಯೂ ಇರುತ್ತಿರಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮೊದಲ ದಿನಗಳಲ್ಲಿ ಮಾರ್ಟಿ ಒಂದಕ್ಕಿಂತ ಹೆಚ್ಚು ಸಲ ಜಾರಿದರು. ಪ್ರತಿ ಸಲವೂ ಮರಳಿ ಸಭೆಗೇ ಹೋದರು. ಅದೇ ಗುಂಪಿನಲ್ಲಿ ಗಟ್ಟಿಯಾಗಿ ನೆಲೆನಿಂತ ಮೊದಲ ಮಹಿಳೆಯರಲ್ಲಿ ಒಬ್ಬರಾದರು, ಆಮೇಲೆ ಬಂದ ಹೆಂಗಸರನ್ನು ಕೈಹಿಡಿದು ಒಳಗೆ ಕರೆತಂದರು.

1944ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಬೆಂಬಲದೊಂದಿಗೆ, ಕುಡಿತದ ಕಾಯಿಲೆಯ ಬಗ್ಗೆ ಜನರಿಗೆ ತಿಳಿವಳಿಕೆ ಕೊಡುವ ರಾಷ್ಟ್ರೀಯ ಸಮಿತಿಯೊಂದನ್ನು ಕಟ್ಟಿದರು. ಇದು ಕಾಯಿಲೆ, ಕುಡುಕ ರೋಗಿ. ಅವನಿಗೆ ಸಹಾಯ ಮಾಡಬಹುದು, ಮಾಡಲೂ ಬೇಕು. ಇದು ಸಾರ್ವಜನಿಕ ಆರೋಗ್ಯದ ಸಮಸ್ಯೆ, ಆದ್ದರಿಂದ ಸಮಾಜದ ಹೊಣೆ. ಇಷ್ಟನ್ನೇ ಊರೂರು ತಿರುಗಿ ಹೇಳಿದರು. ತಾನೂ ಅದೇ ಕಾಯಿಲೆಯವಳು ಎಂದು ವೇದಿಕೆಯಲ್ಲೇ ಹೇಳುತ್ತಿದ್ದರು. ಎಎಯಲ್ಲಿ ಹೆಸರು ಗುಟ್ಟಾಗಿಡುವುದೇ ಪದ್ಧತಿ, ಹಾಗಾಗಿ ಇದು ಕೆಲವರಿಗೆ ಇಷ್ಟವಾಗಲಿಲ್ಲ. ಅದೂ ಸರಿಯೇ, ಬಾಗಿಲು ದಾಟುವ ಧೈರ್ಯ ಎಷ್ಟೋ ಜನರಿಗೆ ಬರುವುದು ಆ ಗುಟ್ಟಿನಿಂದಲೇ. ಆದರೆ ಆ ಕಾಲದಲ್ಲಿ ಒಬ್ಬ ಹೆಂಗಸು ಮುಖ ತೋರಿಸಿ ನಿಲ್ಲದಿದ್ದರೆ ಉಳಿದವರಿಗೆ ತಿಳಿಯುತ್ತಿದ್ದುದಾದರೂ ಹೇಗೆ?

ಮಾರ್ಟಿಯನ್ನು ಕೆಳಗೆ ಕರೆತಂದ ಲೋಯಿಸ್ 1951ರಲ್ಲಿ ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಕೂಟವನ್ನು ಸ್ಥಾಪಿಸಿದರು. ಗಂಡನೋ ಅಣ್ಣನೋ ಕುಡಿಯುತ್ತಾನೆಂದು ನಮ್ಮಲ್ಲಿ ಒಳಗೊಳಗೇ ಬೇಯುವವರು ಆ ಹೆಸರನ್ನೂ ನೆನಪಿಟ್ಟುಕೊಳ್ಳಬಹುದು. ಎರಡಕ್ಕೂ ಶುಲ್ಕವಿಲ್ಲ. ಎಎ ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ. ಮಹಿಳೆಯರಿಗೇ ಮೀಸಲಾದ ಸಭೆಗಳೂ ಆನ್‌ಲೈನ್ ಸಭೆಗಳೂ ಈಗ ಇವೆ.

ಮಾರ್ಟಿ ತೀರಿಕೊಂಡದ್ದು 1980ರ ಜುಲೈನಲ್ಲಿ, 75ನೇ ವಯಸ್ಸಿನಲ್ಲಿ. ಅದೇ ತಿಂಗಳ ಆರಂಭದಲ್ಲಿ ನ್ಯೂ ಆರ್ಲಿಯನ್ಸ್‌ನ ಎಎ ಸಮ್ಮೇಳನದಲ್ಲಿ ಮಾತನಾಡಿ ಬಂದಿದ್ದರು.

ಈ ಕಥೆಯನ್ನು ಗೆಳತಿಗೆ ಹೇಳಿದಾಗ ಅವಳು ಆ ಮಹಡಿಯ ಬಗ್ಗೆ ಮಾತ್ರ ಮತ್ತೆ ಮತ್ತೆ ಕೇಳಿದಳು. ಎರಡು ವಾರದ ಮೇಲೆ ಹೆಂಗಸರ ಆನ್‌ಲೈನ್ ಸಭೆಯೊಂದಕ್ಕೆ ಸೇರಿದಳಂತೆ. ಮೊದಲ ದಿನ ಕ್ಯಾಮೆರಾ ಆಫ್ ಮಾಡಿಯೇ ಕೂತಿದ್ದಳಂತೆ.