ಹೊಳೆ ಈಚೆಯವರನ್ನು ಭಾರತಕ್ಕೆ ಸೇರಿಸಿದ ಸನ್ಯಾಸಿ

ಸಿಂಧನೂರಿನಲ್ಲಿ ಸಿರುಗುಪ್ಪದ ಬಸ್ ಹತ್ತಿದವರಿಗೆ ತುಂಗಭದ್ರೆಯ ಸೇತುವೆ ದಾಟಿದ್ದೇ ಗೊತ್ತಾಗುವುದಿಲ್ಲ. ಟಿಕೇಟು ಒಂದೇ, ರೊಕ್ಕ ಒಂದೇ, ಸರ್ಕಾರ ಒಂದೇ. ಆದರೆ 1947ರ ಆಗಸ್ಟ್ 15ರಂದು ಇದೇ ಹೊಳೆ ಎರಡು ದೇಶಗಳ ನಡುವಿನ ಗೆರೆಯಂತಿತ್ತು. ಆಚೆ ದಂಡೆಯ ಸಿರುಗುಪ್ಪ ಮದ್ರಾಸ್ ಪ್ರಾಂತ್ಯದ್ದು, ಸ್ವತಂತ್ರ ಭಾರತವಾಯ್ತು. ಈಚೆ ದಂಡೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ನಿಜಾಮರ ಮುಲ್ಕಿನಲ್ಲೇ ಉಳಿದವು. ಇಲ್ಲಿಯ ಮಂದಿ ಭಾರತೀಯರೆನಿಸಿಕೊಳ್ಳಲು ಇನ್ನೂ 13 ತಿಂಗಳು ಕಾಯಬೇಕಾಯಿತು. ಆ 13 ತಿಂಗಳಿನ ಬಹುಪಾಲನ್ನು ಜೈಲಿನಲ್ಲೇ ಕಳೆದವರು ಸ್ವಾಮಿ ರಮಾನಂದ ತೀರ್ಥರು.

ಸ್ವಾಮೀಜಿಯವರ ಪೂರ್ವಾಶ್ರಮದ ಹೆಸರು ವ್ಯಂಕಟೇಶ ಖೇಡಗೀಕರ. ಹುಟ್ಟಿದ್ದು 1903ರ ಅಕ್ಟೋಬರ್ 3. ಸಿಂದಗಿ ಸೀಮೆಯ ಮೂಲದವರು. ತರುಣನಾಗಿದ್ದಾಗ ಕಾರ್ಮಿಕ ಮುಖಂಡ ಎನ್.ಎಂ. ಜೋಶಿಯವರ ಬಳಿ ಕೆಲಸ ಮಾಡಿದರು. ಆರೋಗ್ಯ ಕೆಟ್ಟಿತು. ಅಲ್ಲಿಂದ ನಿಜಾಮ ಸಂಸ್ಥಾನದ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾಕ್ಕೆ ಬಂದು ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರರಾದರು. 1930ರಲ್ಲಿ ಸನ್ಯಾಸ ತೆಗೆದುಕೊಂಡರು. ಸನ್ಯಾಸಿಯಾದವರು ಮಠ ಕಟ್ಟುವುದು ವಾಡಿಕೆ. ಇವರು ಅಂಬಾಜೋಗಾಯಿಯಲ್ಲಿ ಸಂಗಡಿಗರ ಜತೆ ಶಾಲೆ ನಡೆಸಿದರು, ಆಮೇಲೆ ಜೈಲಿಗೆ ಹೋದರು.

ಆಗಿನ ಹೈದರಾಬಾದ್ ಸಂಸ್ಥಾನ ಎಂಥದ್ದೆಂದು ಈಗಿನ ಹುಡುಗರಿಗೆ ಹೇಳಿದರೆ ನಂಬಲಿಕ್ಕಿಲ್ಲ. ನಾಣ್ಯ ಬೇರೆ, ಅಂಚೆ ಚೀಟಿ ಬೇರೆ, ರೈಲೂ ಬೇರೆ. ನಿಜಾಮರ ಹಾಲಿ ಸಿಕ್ಕಾ 7 ರೂಪಾಯಿ ಕೊಟ್ಟರೆ ಬ್ರಿಟಿಷರ ಕಲ್ದಾರ್ ಸಿಗುತ್ತಿದ್ದದ್ದು 6 ರೂಪಾಯಿ. ಗಡಿಯ ಅಂಗಡಿಕಾರರಿಗೆ ದಿನವೂ ಇದೇ ಲೆಕ್ಕ. ಕಚೇರಿಯ ಭಾಷೆ ಉರ್ದು. ಕನ್ನಡದವನು ತನ್ನದೇ ಹೊಲದ ಕಾಗದ ಓದಿಸಲು ಇನ್ನೊಬ್ಬರ ಬಾಗಿಲು ಕಾಯಬೇಕು. ಸರ್ಕಾರಿ ನೌಕರಿ ಬೇಕೆಂದರೆ ಮುಲ್ಕಿಯಾಗಿರಬೇಕು. 1919ರ ಫರ್ಮಾನಿನ ಪ್ರಕಾರ ಹೊರಗಿನಿಂದ ಬಂದವನಿಗೆ ಅದಕ್ಕೆ 15 ವರ್ಷದ ವಾಸ ಬೇಕಿತ್ತು.

ನೆಲದ ಯಜಮಾನರು ಬದಲಾಗುವುದು ಇಲ್ಲಿಯವರಿಗೆ ಹೊಸದೇನಲ್ಲ. 1853ರಲ್ಲಿ ರಾಯಚೂರು ದೋಆಬವನ್ನು ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟರು, 1860ರಲ್ಲಿ ಅದು ಮರಳಿ ಬಂತು. ಒಂದು ಕಾಲಕ್ಕೆ ಜಿಲ್ಲೆಯೇ ಆಗಿದ್ದ ಲಿಂಗಸುಗೂರನ್ನು 1905ರಲ್ಲಿ ರಾಯಚೂರಿಗೆ ಕೂಡಿಸಿದರು. ಇಷ್ಟೆಲ್ಲ ಆದಾಗ ಊರ ಮಂದಿಯನ್ನು ಕೇಳಿದವರು ಯಾರು? ಹೊಲ, ದನ, ಮನುಷ್ಯ ಎಲ್ಲ ಒಟ್ಟಿಗೇ ಕೈ ಬದಲಾಗುತ್ತಿದ್ದವು.

ಕೇಳಲೇಬೇಕು ಎಂದು ಹಟ ಹಿಡಿದದ್ದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್. 1938ರಲ್ಲಿ ಅದು ಹುಟ್ಟುವ ಮೊದಲೇ ನಿಜಾಮ ಸರ್ಕಾರ ನಿಷೇಧ ಹಾಕಿತು. ಸತ್ಯಾಗ್ರಹ ಮಾಡಿ ಸ್ವಾಮೀಜಿ ಜೈಲಿಗೆ ಹೋದರು. 1942ರಲ್ಲಿ ಮತ್ತೆ ಬಂಧನ. 1946ರಲ್ಲಿ ನಿಷೇಧ ತೆಗೆದ ಮೇಲೆ ಸಂಘಟನೆಯ ಚುಕ್ಕಾಣಿ ಅವರ ಕೈಗೆ ಬಂತು. 1947ರ ಆಗಸ್ಟ್ 7ರಂದು ಸಂಸ್ಥಾನದ ತುಂಬ ಭಾರತಕ್ಕೆ ಸೇರುವ ದಿನ ಆಚರಿಸಬೇಕೆಂದು ಕರೆ ಹೋಯಿತು. ದೇಶವೆಲ್ಲ ಹಬ್ಬ ಮಾಡುತ್ತಿದ್ದ ಆಗಸ್ಟ್ 15ರಂದು ಸ್ವಾಮೀಜಿ ನಿಜಾಮರ ಬಂದಿ. ನವೆಂಬರ್ 29ರ ಯಥಾಸ್ಥಿತಿ ಒಡಂಬಡಿಕೆಯ ಹೊತ್ತಿಗೆ ಬಿಡುಗಡೆ, 1948ರ ಜನವರಿಯಲ್ಲಿ ಮತ್ತೆ ಒಳಗೆ. ಹೊರಗೆ ಖಾಸಿಂ ರಜ್ವಿಯ ರಜಾಕಾರರ ಹಾವಳಿ. ಕನ್ನಡ ಸೀಮೆಯ ತರುಣರು ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಶಿಬಿರಗಳಿಂದ ಹೋರಾಟ ನಡೆಸಿದರು.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳನುಗ್ಗಿತು, 17ಕ್ಕೆ ನಿಜಾಮರು ಶರಣಾದರು. ಸ್ವಾಮೀಜಿ ಹೊರಬಂದರು. ಆದರೆ ಆ ವಿಮೋಚನೆಗೆ ಕರಿ ಮಗ್ಗುಲೂ ಇತ್ತು. ನಂತರದ ವಾರಗಳಲ್ಲಿ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ, ರಜಾಕಾರರ ಗೊಡವೆಯೇ ಇಲ್ಲದ ಮುಸಲ್ಮಾನರೂ ಜೀವ ಕಳಕೊಂಡರು. ಕೇಂದ್ರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಉತ್ಸವದ ಭಾಷಣಗಳಲ್ಲಿ ಈ ಮಾತು ಬರುವುದು ಅಪರೂಪ. 1950ರ ಜನವರಿ 26ರಂದು ಸಂವಿಧಾನ ಜಾರಿಯಾದಾಗ ಹಾಲಿ ಸಿಕ್ಕಾ ಎಣಿಸಿದ ಎಲ್ಲ ಜಾತಿ-ಧರ್ಮದ ಕೈಗಳಿಗೂ ಒಂದೇ ಪೌರತ್ವ ಬಂತು.

1952ರ ಮೊದಲ ಚುನಾವಣೆಯಲ್ಲಿ ಸ್ವಾಮೀಜಿ ಗುಲಬರ್ಗಾದಿಂದ ಲೋಕಸಭೆಗೆ ಗೆದ್ದರು. ಯಾರ ಸಲುವಾಗಿ ಜೈಲು ಕಂಡರೋ ಆ ರಾಜ್ಯವನ್ನೇ ಒಡೆಯಬೇಕೆಂದು ಪಟ್ಟು ಹಿಡಿದರು. ಹೈದರಾಬಾದು ಇಡಿಯಾಗಿ ಇರಲಿ ಎನ್ನುವ ದೊಡ್ಡವರು ದಿಲ್ಲಿಯಲ್ಲೂ ಇದ್ದರು. ಸ್ವಾಮೀಜಿ ಒಪ್ಪಲಿಲ್ಲ, ಕನ್ನಡ, ತೆಲುಗು, ಮರಾಠಿ ಭಾಗಗಳು ತಮ್ಮ ತಮ್ಮ ಭಾಷೆಯವರನ್ನು ಸೇರಬೇಕೆಂದರು. 1956ರ ನವೆಂಬರ್ 1ರಂದು ಹಾಗೇ ಆಯಿತು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಗದ್ವಾಲ, ಆಲಂಪುರ ಆಂಧ್ರಕ್ಕೆ ಹೋದವು. ಸ್ವಾಮೀಜಿ 1957ರಲ್ಲಿ ಔರಂಗಾಬಾದಿನಿಂದ ಗೆದ್ದರು. ಹಾಲಿ ಸಿಕ್ಕಾ 1959ರಲ್ಲಿ ಪೂರಾ ನಿಂತುಹೋಯಿತು. ಸ್ವಾಮೀಜಿ 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು.

ನಾಂದೇಡದವರು 1994ರಲ್ಲಿ ವಿಶ್ವವಿದ್ಯಾಲಯಕ್ಕೇ ಅವರ ಹೆಸರಿಟ್ಟರು. ನಮ್ಮ ಕಡೆ ಅವರ ನೆನಪಾಗುವುದು ಹೆಚ್ಚಾಗಿ ಸೆಪ್ಟೆಂಬರ್ 17ರ ಬೆಳಿಗ್ಗೆ, ಧ್ವಜದ ಹಗ್ಗ ಎಳೆಯುವ ತನಕ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಹೆಸರು ಬದಲಾದರೂ ಕಾಗದ ತಪ್ಪಲಿಲ್ಲ. 371(ಜೆ) ಕಲಮಿನ ಮೀಸಲಾತಿಗಾಗಿ ಹುಡುಗರು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಹಿಡಿದು ಹೋಗುತ್ತಾರೆ. ಹಳೇ ಮುಲ್ಕಿ ಚೀಟಿ ಹೊರಗಿನವರ ಕೈಯಿಂದ ನೌಕರಿ ಉಳಿಸುವುದಕ್ಕೆ, ಇದು ಹಿಂದುಳಿದವರನ್ನು ಮುಂದೆ ತರುವುದಕ್ಕೆ. ಆದರೂ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಒಂದೇ: ಎಲ್ಲಿ ಹುಟ್ಟಿದ್ದು, ಎಷ್ಟು ವರ್ಷದಿಂದ ಇದ್ದೀಯ?

ಸ್ವಾಮೀಜಿ ತೀರಿಕೊಂಡ ಆಸುಪಾಸಿನಲ್ಲೇ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಕುಟುಂಬಗಳಿಗೆ ಸಿಂಧನೂರು ತಾಲೂಕಿನಲ್ಲಿ ನೆಲೆ ಸಿಕ್ಕಿತು. ಆರ್.ಎಚ್. ಕ್ಯಾಂಪ್ ಎಂದರೆ ಈಗ ಬಸ್ ಕಂಡಕ್ಟರಿಗೂ ಗೊತ್ತು. ಅವರ ಮಕ್ಕಳು ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಆ ಕ್ಯಾಂಪುಗಳಲ್ಲಿ ಕೆಲವರ ಕೈಗೆ ಭಾರತದ ಪೌರತ್ವದ ಪತ್ರ ಬಂದದ್ದು 2024ರಲ್ಲಿ.